ಸುಳ್ಳ ಬ್ರೇಕರ್

ಒಂಬತ್ತು ವರ್ಷ ಅರ್ಜಿ ಕೊಟ್ಟೆವು, ರಸ್ತಾ ಬೇಕಂತ.
ಮಳಿ ಬಂದರ ಕರಿ ರಾಡಿ, ಬ್ಯಾಸಗಿಗಿ ಧೂಳು,
ತಗ್ಗಿನಾಗ ಆಟೋ ಕುಂತರ
ಓಣಿಯ ಗಂಡಸರು ಬನೀನಿನ ಮ್ಯಾಲೇ ಬಂದು ಎತ್ತಬೇಕು.
ಆದರ ಒಂದು ಮಾತು:
ಆಗ ಯಾರೂ ಜೋರು ಹೋಗುತ್ತಿರಲಿಲ್ಲ.
ತಗ್ಗುಗಳೇ ನಮ್ಮ ಪೊಲೀಸರು.

ಎಲೆಕ್ಷನ್ ಮುಂದ ಬಂತು ಸಿಮೆಂಟಿನ ರಸ್ತಾ,
ಇಸ್ತ್ರಿ ಮಾಡಿದ ಧೋತರದಂಗ.
ಕಾಯಿ ಒಡೆದೆವು, ಪೇಡೆ ಹಂಚಿದೆವು.
ಖುರ್ಷೀದಾ ಆಪಾ ಬಾಗಿಲಿಗಿ ಹೊಸಾ ಪರದಾ ಹಾಕಿದಳು,
ಇನ್ನ ಧೂಳು ಬರಂಗಿಲ್ಲಂತ.
ಧೂಳು ಬರಲಿಲ್ಲ.
ಸೇಡಂ ರೋಡಿನ ಸಿಗ್ನಲ್ಲು ತಪ್ಪಿಸಿ
ರಿಂಗ್ ರೋಡಿಗಿ ಹಾಯುವವರು ಬಂದರು:
ಬುಲೆಟ್ಟು, ಟಂಟಂ, ಟ್ಯೂಷನ್ನಿಗಿ ತಡವಾದ ಹುಡುಗರು,
ತೊಗರಿ ಚೀಲ ಹೇರಿದ ಛೋಟಾ ಹಾಥಿ.
ಪರದಾ ಗಾಳಿಗಲ್ಲ, ಗಾಡಿಗಿ ಹಾರತೊಡಗಿತು.

ನೀರು ಬಿಡುವ ದಿನ ಅವತ್ತು.
ಕೊಡ ಹೊತ್ತ ಅಂಬವ್ವ ಆಯಿ ಆ ಕಡಿಂದ ದಾಟುತ್ತಿದ್ದಳು.
ಬೈಕು ಅವಳಿಗಿ ತಾಗಲಿಲ್ಲ.
ಕೊಡಕ್ಕ ತಾಗಿತು.
ಹಿತ್ತಾಳಿ ಕೊಡ ಠಣ್ ಠಣ್ ಅಂತ ಉರುಳಿ
ಕಿರಾಣಿ ಅಂಗಡಿ ಪಾವಟಿಗಿಗಿ ಬಡಿದು ನಿಂತಿತು.
ನೀರು ಹರಿದ ಅಷ್ಟಗಲವನ್ನ
ಆಯಿ ಬಹಳ ಹೊತ್ತು ನೋಡಿದಳು,
ತನ್ನ ರಕ್ತ ಎಲ್ಲಿತನಕ ಹೋಗುತ್ತಿತ್ತು ಅಂತ
ಅಳತಿ ತಗೊಂಡಂಗ.

ಕಾರ್ಪೊರೇಶನ್ನಿಗಿ ಮತ್ತ ಹೋದೆವು.
ಇಂಜಿನಿಯರ್ ಸಾಹೇಬ ಕನ್ನಡಕ ತೆಗೆದು ಕೇಳಿದ:
'ಹೋದ ವರ್ಷ ತಗ್ಗು ಮುಚ್ಚರಿ ಅಂದ್ರಿ,
ಈಗ ದಿಬ್ಬ ಕಟ್ಟರಿ ಅಂತೀರಿ?'
ನಮಗೂ ನಾಚಿಕಿ ಬಂತು, ಖರೆ ಹೇಳಬೇಕಂದರ.
ಫೈಲು ಅದ. ರೂಲು ಅದ. ಬಜೆಟ್ಟು ಮಾರ್ಚಿಗಿ.

ಜಗದೇವಿ ಮಾರ್ಚಿನ ದಾರಿ ಕಾಯಲಿಲ್ಲ.
ನಸುಕಿನಾಗ ಎದ್ದಳು, ಕಸ ಹೊಡೆದಳು, ನೀರು ಹಾಕಿದಳು,
ಅಂಗಳದಾಗ ನಿಲ್ಲಬೇಕಾದ ರಂಗೋಲಿಯ ಕೈ
ನಿಲ್ಲದೆ ಮುಂದ ಹೋಯಿತು.
ನಮ್ಮ ಬಾಗಿಲಿಂದ ಖುರ್ಷೀದಾ ಆಪಾನ ಬಾಗಿಲತನಕ
ದಪ್ಪ ಬಿಳಿ ಪಟ್ಟಿ, ಬಗಲಿಗಿ ಹಳದಿ, ಮತ್ತ ಬಿಳಿ.
ಹೂವಿಲ್ಲ, ಬಳ್ಳಿ ಇಲ್ಲ.
ಅಂಚಿಗಿ ಒಂದಿಷ್ಟು ಇದ್ದಿಲ ಪುಡಿ, ನೆರಳಿನಂಗ.
ಚಪ್ಪಟಿ ನೆಲ ಉಬ್ಬಿ ನಿಂತಿತು.

ಮೊದಲನೇ ಬುಲೆಟ್ಟು ಏಳೂ ಹತ್ತಕ್ಕ.
ಕಿರ್ರ್ ಅಂತ ಬ್ರೇಕು.
ಸವಾರ ಸೀಟಿನಿಂದ ಜರಾ ಎದ್ದ,
ಬರುವ ದಿಬ್ಬಕ್ಕ ಮೈ ಸಜ್ಜು ಮಾಡಿಕೊಂಡ,
ದಿಬ್ಬ ಬರಲಿಲ್ಲ.
ತಿರುಗಿ ನೋಡಿದ.
ಮಾಳಿಗಿ ಮ್ಯಾಲೆ ನಿಂತ ನಾವು
ಒಣಹಾಕಿದ ಬಟ್ಟಿ ಹಿಂದ ನಗು ಮುಚ್ಚಿಕೊಂಡೆವು.

ಎಂಟು ದಿನ ನಡೀತು.
ಒಂಬತ್ತನೇ ದಿನ ಎಲ್ಲರಿಗೂ ಗೊತ್ತಾಗಿ
ನಮ್ಮ ರಂಗೋಲಿ ಗಾಲಿಗಿ ಹತ್ತಿ
ರಿಂಗ್ ರೋಡಿನತನಕ ಹೋಯಿತು.
ಆ ರಾತ್ರಿ ಆಪಾನ ಗಂಡ ಮಶಾಕ ಮೇಸ್ತ್ರಿ
ಸ್ಲ್ಯಾಬಿಗಿ ಹಾಕಿ ಉಳಿದ ಸಿಮೆಂಟು ತಂದ.
ಯಾರ ಸ್ಲ್ಯಾಬು ಅಂತ ನಾನು ಹೇಳಂಗಿಲ್ಲ.
ಬೆಳಗಾಗೋದ್ರಾಗ ಗೆರಿಗಿ ಎಲುಬು ಮೂಡಿತ್ತು.

ಹತ್ತನೇ ದಿನ ಬಿದ್ದ ಹುಡುಗನ ಮೊಣಕೈಗಿ
ಅರಿಷಿಣ ಒತ್ತಿದವಳೂ ಜಗದೇವಿಯೇ.
ಚಹಾ ಕುಡಿಸಿದಳು. ಬೈಯಲಿಲ್ಲ.
ಅವನು ಹೋದ ಮ್ಯಾಲೆ ಒಳಗ ಹೋಗಿ
ಒಂದು ತಾಸು ಯಾರ ಕೂಡಾನೂ ಮಾತಾಡಲಿಲ್ಲ.

ಈಗ ಖರೆ ಬ್ರೇಕರ್ ಒಂದೇ ಅದ ನಮ್ಮ ಓಣ್ಯಾಗ.
ಅದರ ಮ್ಯಾಲೆ ಪಟ್ಟಿ ತಪ್ಪಂಗಿಲ್ಲ, ಜ್ವರ ಬಂದರೂ.
ಸುಳ್ಳವು ಮಾತ್ರ ಜಾಗಾ ಬದಲಿಸ್ತಾವ:
ಒಂದಿನ ಹಿಟ್ಟಿನ ಗಿರಣಿ ಮುಂದ, ಒಂದಿನ ಶಾಲಿ ಗೇಟಿಗಿ.
ಯಾವುದು ಪುಡಿ, ಯಾವುದು ಕಲ್ಲು,
ಹತ್ತಿ ನೋಡಿದವನಿಗೇ ಗೊತ್ತು.

ಇವತ್ತು ದಾಲ್ ಮಿಲ್ಲಿಗಿ ನನಗ ತಡ.
ಗಾಡಿ ಸ್ಟಾರ್ಟ್ ಆಗಿದ್ದೇ ಕಿವಿ ಹಿಂಡಿದೆ.
ಗಿರಣಿ ಮುಂದ ಬಿಳಿ, ಹಳದಿ, ಬಿಳಿ.
ಮುಂಜಾನೆ ರಂಗೋಲಿ ಡಬ್ಬಿ ಹಿಡಕೊಂಡು
ಅವಳ ಹಿಂದ ನಡೆದವನು ನಾನೇ.
ಪುಡಿ ಅಂತ ಗೊತ್ತು.
ಕೈಗಿ ಗೊತ್ತಿಲ್ಲ. ಬ್ರೇಕು ಹಿಡೀತು.

ಹಿಂದಿಂದ ಚಪ್ಪಲಿ ಸಪ್ಪಳ.
'ಬುತ್ತಿ ಬಿಟ್ಟು ಹೊಂಟೀರಿ' ಅಂದಳು ಜಗದೇವಿ,
ಬೆರಳಿಗಿ ಇನ್ನಾ ಹಳದಿ.